ಪ್ರತಿಕ್ರಿಯೆ: ಗೋಡೆಯ ಮೇಲೆ ಮೊದಲು ನೀರುನಾಯಿಯೇ ಬರಲಿ

ಮಾನ್ಯರೇ, ಕೊಪ್ಪಳದ ಬಸ್ ನಿಲ್ದಾಣದ ಗೋಡೆಯ ಮೇಲೆ ಸಂಜೆ ಹೊತ್ತು ಪ್ರೊಜೆಕ್ಟರಿನಿಂದ ವನ್ಯಜೀವಿಗಳ ಚಲಿಸುವ ಚಿತ್ರ ಮೂಡಿಸಿದರೆ ಜನರಿಗೆ ನಿಸರ್ಗದ ಮೇಲೆ ಒಲವು ಮೂಡೀತೇ, ಯಾವ ಪ್ರಾಣಿಯಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ.

ಖಂಡಿತ ಮೂಡುತ್ತದೆ, ಆದರೆ ಹುಲಿ, ಆನೆಗಳನ್ನು ಬದಿಗಿಟ್ಟು ನಮ್ಮ ಹೊಳೆಯ ನೀರುನಾಯಿಯಿಂದಲೇ ಆರಂಭಿಸಿ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದ್ದರೂ, ಹೊಳೆ ದಾಟಿ ಹೊಸಪೇಟೆಗೆ ಹೋಗಿಬರುವ ನಮ್ಮಲ್ಲಿ ಎಷ್ಟೋ ಮಂದಿ ಆ ಪ್ರಾಣಿಯನ್ನು ಒಮ್ಮೆಯೂ ಕಂಡಿಲ್ಲ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಅದೇ 2015ರಲ್ಲಿ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಮೇಲೆ ಅಳಿವಿನಂಚಿನ ಜೀವಿಗಳನ್ನು ಬೃಹದಾಕಾರದಲ್ಲಿ ಬೆಳಕಿನಿಂದ ಮೂಡಿಸಿದ್ದರು. ನಮ್ಮ ಗೋಡೆ ಚಿಕ್ಕದು. ಅಲ್ಲಿ ಗಾತ್ರಕ್ಕಿಂತ ಸಾಮೀಪ್ಯ ಮುಖ್ಯ. ಒದ್ದೆ ಮರಳಿನ ಮೇಲೆ ಒತ್ತಿದ ಐದು ಬೆರಳಿನ ಹೆಜ್ಜೆ, ಬಂಡೆಯ ಮೇಲಿನ ಹಿಕ್ಕೆಯಲ್ಲಿ ಮಿನುಗುವ ಮೀನಿನ ಹುರುಪೆ, ನೀರಿನಿಂದೆದ್ದು ಮೈ ಕೊಡವಿದಾಗ ಸಿಡಿಯುವ ಹನಿಗಳು, ಇವುಗಳನ್ನು ನಿಧಾನವಾಗಿ ತೋರಿಸಿದರೆ, ಮುಂದೊಂದು ದಿನ ಹೊಳೆದಂಡೆಯಲ್ಲಿ ನಿಂತಾಗ ನೋಡಿದವರ ಕಣ್ಣು ತಾನಾಗಿಯೇ ಅವುಗಳನ್ನು ಹುಡುಕುತ್ತದೆ. ಹಿನ್ನೆಲೆಗೆ ಸಿನಿಮಾ ಸಂಗೀತ ಬೇಡ, ಹೊಳೆಯಲ್ಲೇ ಧ್ವನಿಮುದ್ರಿಸಿದ ಸದ್ದು ಸಾಕು.

ಒಂದು ವಿನಂತಿ: ಪ್ರದರ್ಶನವನ್ನು ಯಾವ ಕಾರಣಕ್ಕೂ ನದಿದಂಡೆಗೆ ಒಯ್ಯಬೇಡಿ. ರಾತ್ರಿಯ ಕೃತಕ ಬೆಳಕು ಬಾವಲಿ, ಕೀಟಗಳನ್ನು ದಿಕ್ಕುಗೆಡಿಸುತ್ತದೆ, ಮುಸ್ಸಂಜೆಯಲ್ಲಿ ಬೇಟೆಗೆ ಹೊರಡುವ ನೀರುನಾಯಿಗೂ ತೊಂದರೆ. ಅರಣ್ಯ ಇಲಾಖೆಯವರೊಡನೆ ಮಾತಾಡಿ ಒಂದು ಭಾನುವಾರ ಬೆಳಗಿನ ನದಿ ನಡಿಗೆಯನ್ನು ಗೊತ್ತುಪಡಿಸಿ, ಅದರ ದಿನ ಮತ್ತು ವೇಳೆಯನ್ನು ಚಿತ್ರದ ಕೊನೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಅದೇ ಗೋಡೆಯ ಮೇಲೆ ತೋರಿಸಿ.