ಒರಳುಕಲ್ಲನ್ನು ನೋಡುತ್ತಿರುವವರು ಯಾರು?

ಪ್ರಶ್ನೆ: ನಮ್ಮ ಅಜ್ಜಿಯ ಮನೆ, ತೋಟ ಎಲ್ಲ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದವು. ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜಿ ಮೊಮ್ಮಗನ ಜೊತೆ ಆ ಜಾಗ ನೋಡಲು ಹೋಗುವುದನ್ನು ಕಥೆ ಮಾಡಿ ಒಂದು ಸ್ಪರ್ಧೆಗೆ ಕಳಿಸಿದ್ದೆ. 'ವಸ್ತು ಒಳ್ಳೆಯದು, ಹಂದರ ಸಡಿಲ, ದೃಷ್ಟಿಕೋನ ನಿಲ್ಲುತ್ತಿಲ್ಲ, ಧ್ವನಿ ಇಲ್ಲ' ಎಂದು ತೀರ್ಪುಗಾರರು ಬರೆದಿದ್ದಾರೆ. ಈ ಪದಗಳಿಗೆ ಏನರ್ಥ? ಕುವೆಂಪು ಎಲ್ಲರ ಮನಸ್ಸಿನೊಳಗೂ ಹೋಗಿ ಬರುತ್ತಾರಲ್ಲ, ನಾನು ಹೋದರೆ ತಪ್ಪೇ? ಕಥೆಯನ್ನೂ ಜೊತೆಗಿಟ್ಟಿದ್ದೇನೆ.
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಕಥೆಯನ್ನು ಎರಡು ಸಲ ಓದಿದೆ. ಒರಳುಕಲ್ಲಿನ ಭಾಗ ಬಂದಾಗ ಸ್ವಲ್ಪ ಹೊತ್ತು ಮುಂದೆ ಓದಲಾಗಲಿಲ್ಲ. ಇದನ್ನು ಬಿಡಬೇಡಿ, ತಿದ್ದಿ.

ವಸ್ತು ಎಂದರೆ ಕಥೆ ಯಾವುದರ ಬಗ್ಗೆ ಎಂಬುದು. ನಿಮ್ಮದು ಮುಳುಗಡೆ. 1964ರಲ್ಲಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಕಣಿವೆಯ ಎಷ್ಟೋ ಮನೆಗಳ ವಸ್ತು ಇದೇ. ಹಂದರ ಎಂದರೆ ಘಟನೆಗಳನ್ನು ಒಂದಕ್ಕೊಂದು ಹೆಣೆಯುವ ಕ್ರಮ. ಭರತನ ನಾಟ್ಯಶಾಸ್ತ್ರ ಇದನ್ನು ಇತಿವೃತ್ತ ಎಂದು ಕರೆದು, ನಾಟಕದ ಶರೀರವೇ ಅದು ಎನ್ನುತ್ತದೆ. ನಿಮ್ಮಲ್ಲಿ ಬಸ್ಸು ಕೆಡುತ್ತದೆ, ಚಹಾ ಕುಡಿಯುತ್ತಾರೆ, ಲಾಂಚಿನಲ್ಲಿ ನೆಂಟರು ಸಿಗುತ್ತಾರೆ, ಆಮೇಲೆ ಹಿನ್ನೀರು. ಬಸ್ಸು ಕೆಡದಿದ್ದರೂ ಮುಂದಿನದೆಲ್ಲ ಹಾಗೇ ನಡೆಯುತ್ತಿತ್ತು, ಸಡಿಲ ಎಂದದ್ದು ಅದಕ್ಕೇ. ಬಸ್ಸು ಕೆಟ್ಟು ತಡವಾದ್ದರಿಂದ ಅಜ್ಜಿಗೆ ಕತ್ತಲಾಗುವ ಮುಂಚೆ ಹತ್ತೇ ನಿಮಿಷ ಸಿಕ್ಕಿತು ಎಂದಾದರೆ, ಬಸ್ಸು ತಾನಾಗಿ ಹಂದರದೊಳಗೆ ಬರುತ್ತದೆ.

ನಿಜವಾದ ತೊಡಕು ಇರುವುದು ದೃಷ್ಟಿಕೋನದಲ್ಲಿ. ನಿಮ್ಮವೇ ಮೂರು ವಾಕ್ಯ ನೋಡಿ: 'ಒರಳಿನ ಗುಂಡಿಯಲ್ಲಿದ್ದ ಕೆಸರನ್ನು ಅಜ್ಜಿ ಸೆರಗಿನಿಂದ ಒರೆಸಿದಳು. ಅವಳಿಗೆ ಮದುವೆಯಾಗಿ ಬಂದ ದಿನ ನೆನಪಾಯಿತು. ಅವಳು ಯಾಕೆ ಹೀಗೆ ಮಾಡುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ.' ಕಥೆ ಹೇಳುತ್ತಿರುವ 'ನಾನು', ಅಂದರೆ ನಿರೂಪಕ, ಮೊಮ್ಮಗ. ಎರಡನೆಯ ವಾಕ್ಯದಲ್ಲಿ ಅವನಿಗೆ ಅಜ್ಜಿಯ ನೆನಪು ಗೊತ್ತು. ಮೂರನೆಯದಕ್ಕೆ ಬರುವಷ್ಟರಲ್ಲಿ ಏನೂ ಗೊತ್ತಿಲ್ಲ. ನಡುವಿನ ವಾಕ್ಯ ತೆಗೆದು ಓದಿ ನೋಡಿ. ಹುಡುಗನಿಗೆ ಕಾಣುವುದು ಅಜ್ಜಿಯ ಕೈ, ಸೆರಗು, ಕೆಸರು ಇಷ್ಟೇ. ಆ ನೆನಪನ್ನು ಓದುಗ ತಾನೇ ಹುಡುಕಿಕೊಳ್ಳುತ್ತಾನೆ. ಇಲ್ಲ, ಅಜ್ಜಿಯ ಕಣ್ಣಿಂದಲೇ ಹೇಳುತ್ತೇನೆ ಎಂದರೆ ಅದೂ ಸರಿ. ಆಗ ಗುಂಡಿಯ ಅಳತೆ ಅವಳ ಕೈಗೇ ಗೊತ್ತಿರುತ್ತದೆ, 'ಹೊತ್ತಾಯ್ತು, ಬಾ ಅಜ್ಜಿ' ಎನ್ನುವ ಹುಡುಗ ದೂರದಲ್ಲಿ ನಿಂತಿರುತ್ತಾನೆ. ಮುಳುಗಡೆ ಎರಡರಲ್ಲೂ ಇದೆ. ಆದರೆ ಮೊದಲನೆಯದು ಗೊತ್ತಿಲ್ಲದವನ ಕಥೆ, ಎರಡನೆಯದು ಕಳೆದುಕೊಂಡವಳ ಕಥೆ. ಯಾರು ನೋಡುತ್ತಿದ್ದಾರೆ ಎಂಬುದನ್ನು ನಿರ್ಧರಿಸದೆ ಉಳಿದದ್ದನ್ನು ತಿದ್ದಲು ಕೂರಬೇಡಿ.

ಇನ್ನು ಕುವೆಂಪು ಅವರ ವಿಷಯ. 'ಮಲೆಗಳಲ್ಲಿ ಮದುಮಗಳು' (1967) ಹೇಳುವವನು ಕಥೆಯೊಳಗಿನ ಪಾತ್ರವಲ್ಲ, ಸರ್ವಜ್ಞ ನಿರೂಪಕ. ಹಾಗಾಗಿ ಯಾರ ಮನಸ್ಸಿನ ಬಾಗಿಲೂ ಅವನಿಗೆ ತೆರೆದಿರುತ್ತದೆ. ನೀವೂ ಹಾಗೆ ಬರೆಯಬಹುದು, ತಪ್ಪೇನಿಲ್ಲ. 'ನಾನು' ಎಂಬುದನ್ನು ಮಾತ್ರ ಬಿಡಬೇಕಾಗುತ್ತದೆ. ಆದರೆ ಅದು ಮಹಾಕಾದಂಬರಿ, ನಿಮ್ಮದು ಆರು ಪುಟ. ಇಷ್ಟರಲ್ಲಿ ಒಬ್ಬರ ಮನಸ್ಸಿನೊಳಗೆ ಇಳಿದರೆ ಸಾಕು ಅನ್ನಿಸುತ್ತದೆ ನನಗೆ.

ಧ್ವನಿ ಎಂದರೆ ಹೇಳಿದ ಮಾತಿನಾಚೆ ಹೊಳೆಯುವ ಅರ್ಥ. 9ನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಕಾವ್ಯದ ಆತ್ಮವೇ ಅದು ಎಂದ. ಅದೇ ಶತಮಾನದ ನಮ್ಮ ಕವಿರಾಜಮಾರ್ಗವೂ ಅದನ್ನು ಹೆಸರಿಸಿದೆ. ನಿಮ್ಮ ಕಥೆಯಲ್ಲಿ ಧ್ವನಿ ಇಲ್ಲವೇ ಇಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಸೆರಗಿಗೆ ಮೆತ್ತಿದ ಕೆಸರಿನಲ್ಲಿ ಅದು ಇದೆ. ಕೊನೆಯ ಪ್ಯಾರಾದಲ್ಲಿ ಅಜ್ಜಿಯ ಬಾಯಲ್ಲಿ 'ನಾಡಿಗೆ ಬೆಳಕು ಕೊಟ್ಟು ನಾವು ಕತ್ತಲಲ್ಲಿ ಉಳಿದೆವು' ಎಂದು ಹೇಳಿಸಿ ಅದನ್ನು ನೀವೇ ಮುಚ್ಚಿಬಿಟ್ಟಿರಿ. ಮಾತು ಸತ್ಯವೇ. ಆದರೆ ಅಷ್ಟು ಹೊತ್ತು ಕೆಸರು ಒರೆಸಿದ ಆ ಅಜ್ಜಿ ಹಾಗೆ ಪುಸ್ತಕದ ಕನ್ನಡದಲ್ಲಿ ಭಾಷಣ ಮಾಡುವವಳಲ್ಲ.

ನಿಮ್ಮ ಅಜ್ಜಿ ಈಗಲೂ ಇದ್ದರೆ, ಆ ಒರಳಿನಲ್ಲಿ ಏನೇನು ರುಬ್ಬುತ್ತಿದ್ದರು, ಮನೆ ಬಿಡುವಾಗ ಅದನ್ನು ಯಾಕೆ ಅಲ್ಲೇ ಬಿಟ್ಟು ಬಂದರು ಎಂದು ಕೇಳಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಂಡು, ಆಮೇಲೆ ಆ ಕೊನೆಯ ಪ್ಯಾರಾ ತೆರೆಯಿರಿ.