ಐ5-12400ಎಫ್ ಓವರ್‌ಕ್ಲಾಕ್ ಮಾಡಲು ಝಡ್790 ಮದರ್‌ಬೋರ್ಡ್ ಮತ್ತು ಡಿಡಿಆರ್5 ರ‍್ಯಾಮ್ ಕೊಳ್ಳಬಹುದೇ?

ಕೊಳ್ಳಬೇಡಿ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ಓವರ್‌ಕ್ಲಾಕ್ ಎಂದರೆ ಪ್ರೊಸೆಸರನ್ನೋ ರ‍್ಯಾಮನ್ನೋ ತಯಾರಕರು ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು.

ನೀವು ಬರೆದಿರುವುದು ಇಷ್ಟು: ಡೊಂಬಿವಲಿಯ ಮನೆಯಲ್ಲಿರುವ ಕಂಪ್ಯೂಟರಿನಲ್ಲಿ ಇಂಟೆಲ್‌ನ ಐ5-12400ಎಫ್ ಪ್ರೊಸೆಸರ್, ಎಚ್610 ಮದರ್‌ಬೋರ್ಡ್, 2666 ವೇಗದ 8 ಜಿಬಿ ಡಿಡಿಆರ್4 ರ‍್ಯಾಮ್ ಸ್ಟಿಕ್ ಒಂದೇ ಒಂದು. ಸಂಘದ ಯಕ್ಷಗಾನದ ರೆಕಾರ್ಡಿಂಗ್ ಎಡಿಟ್ ಮಾಡಲು ಕುಳಿತರೆ ಯಂತ್ರ ತೆವಳುತ್ತದೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯೊಂದರಲ್ಲಿ ಝಡ್790 ಬೋರ್ಡು, ಡಿಡಿಆರ್5 ರ‍್ಯಾಮ್ ಹಾಕಿಸಿ ಓವರ್‌ಕ್ಲಾಕ್ ಮಾಡಿದರೆ ಹಾರುತ್ತದೆ ಎಂದರಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಸಲಹೆ ಇದು.

ಪ್ರೊಸೆಸರಿನ ವೇಗ ಎಂದರೆ 100 ಮೆಗಾಹರ್ಟ್ಸ್‌ನ ಮೂಲ ಗಡಿಯಾರವನ್ನು ಒಂದು ಗುಣಕದಿಂದ ಗುಣಿಸಿದಾಗ ಬರುವ ಸಂಖ್ಯೆ. ನಿಮ್ಮ ಚಿಪ್ಪಿಗೆ ಗುಣಕ ಹೆಚ್ಚೆಂದರೆ 44, ಅಂದರೆ 4.4 ಗಿಗಾಹರ್ಟ್ಸ್. ಅದಕ್ಕಿಂತ ಮೇಲೆ ಹೋಗದಂತೆ ಇಂಟೆಲ್ ಬೀಗ ಹಾಕಿದೆ. ಬೀಗವಿಲ್ಲದ ಚಿಪ್ಪುಗಳ ಹೆಸರಿನಲ್ಲಿ ‘ಕೆ’ ಇರುತ್ತದೆ: 12600ಕೆ, 13600ಕೆ, 13600ಕೆಎಫ್. ಅವುಗಳ ಗುಣಕವನ್ನು ಏರಿಸಲು ಝಡ್690 ಅಥವಾ ಝಡ್790 ಚಿಪ್‌ಸೆಟ್ (ಮದರ್‌ಬೋರ್ಡಿನ ನಿಯಂತ್ರಕ ಚಿಪ್) ಇರುವ ಬೋರ್ಡ್ ಬೇಕು. ಬಿ660, ಬಿ760 ಬೋರ್ಡುಗಳಲ್ಲಿ ರ‍್ಯಾಮಿನ ವೇಗ ಏರಿಸಬಹುದು, ಕೋರುಗಳದ್ದನ್ನಲ್ಲ. ಎಚ್610ರಲ್ಲಿ ಎರಡೂ ಇಲ್ಲ. ಬೋರ್ಡ್ ಎಷ್ಟೇ ದುಬಾರಿಯದಾಗಿರಲಿ, ಚಿಪ್ಪಿನ ಬೀಗ ಚಿಪ್ಪಿನಲ್ಲೇ ಇರುತ್ತದೆ. 2022ರ ಆರಂಭದಲ್ಲಿ ಕೆಲವರು ಮೂಲ ಗಡಿಯಾರವನ್ನೇ ಏರಿಸಿ ಈ ಬೀಗವನ್ನು ತಪ್ಪಿಸಿಕೊಂಡದ್ದು ನಿಜ. ಅದಕ್ಕೆ ಪ್ರತ್ಯೇಕ ಕ್ಲಾಕ್ ಜನರೇಟರ್ ಇರುವ ಕೆಲವೇ ಬೋರ್ಡುಗಳೂ ಬಯೋಸ್‌ನ (ಬೋರ್ಡಿನ ಮೂಲ ತಂತ್ರಾಂಶದ) ನಿರ್ದಿಷ್ಟ ಆವೃತ್ತಿಗಳೂ ಬೇಕಾಗಿದ್ದವು. ಅದನ್ನು ನಂಬಿ ಇಂದು ದುಡ್ಡು ಹಾಕುವುದು ಬೇಡ.

ಈಗ ನಿಜವಾದ ರೋಗಕ್ಕೆ ಬರೋಣ. ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಪುಟ ನೋಡಿ. ಎರಡು ಸ್ಲಾಟಿನಲ್ಲಿ ಒಂದೇ ಬಳಕೆಯಲ್ಲಿದೆ ಎಂದು ಅಲ್ಲೇ ಬರೆದಿರುತ್ತದೆ. ನಿಮ್ಮ ಸ್ಟಿಕ್ಕಿನ ಮೇಲಿನ ಚೀಟಿಯಲ್ಲಿ ಪಿಸಿ4-21300 ಎಂದಿರಬೇಕು. ಸೆಕೆಂಡಿಗೆ ಸುಮಾರು 21.3 ಗಿಗಾಬೈಟ್ ಸಾಗಿಸಬಲ್ಲದು ಎಂದು ಅದರ ಅರ್ಥ. 3200 ವೇಗದ ಎರಡು ಸ್ಟಿಕ್ ಹಾಕಿದರೆ ಎರಡು ಚಾನೆಲ್‌ಗಳೂ ದುಡಿದು ಅದೇ ಲೆಕ್ಕ 51.2ಕ್ಕೆ ಏರುತ್ತದೆ. ಇದು ಓವರ್‌ಕ್ಲಾಕ್ ಕೂಡ ಅಲ್ಲ, ಏಕೆಂದರೆ ನಿಮ್ಮ ಚಿಪ್ಪಿಗೆ ಇಂಟೆಲ್ ಅಧಿಕೃತವಾಗಿ ಒಪ್ಪಿರುವ ಡಿಡಿಆರ್4 ವೇಗವೇ 3200. ಎಚ್610 ಬೋರ್ಡು ಅಷ್ಟಕ್ಕೆ ಸಾಕು. ಜೊತೆಗೆ 8 ಜಿಬಿಯಲ್ಲಿ ವಿಡಿಯೊ ಎಡಿಟಿಂಗ್ ಎಂದರೆ ವಿಂಡೋಸ್ ಹೆಚ್ಚು ಹೊತ್ತು ಡಿಸ್ಕಿಗೆ ಬರೆಯುತ್ತಾ ಓದುತ್ತಾ ಇರುತ್ತದೆ, ತೆವಳುವುದು ಅದಕ್ಕೇ.

ಆದ್ದರಿಂದ 16 ಜಿಬಿಯ ಎರಡು ಸ್ಟಿಕ್ಕುಗಳು ಒಂದೇ ಪೆಟ್ಟಿಗೆಯಲ್ಲಿ ಬರುವ ಕಿಟ್ ಕೊಳ್ಳಿ. 3200 ವೇಗ, ಸಿಎಲ್16 (ಸಿಎಲ್ ಎಂದರೆ ರ‍್ಯಾಮ್ ಉತ್ತರಿಸಲು ತೆಗೆದುಕೊಳ್ಳುವ ವಿಳಂಬದ ಅಳತೆ) ಸಾಕು. ಹಳೆಯ ಸ್ಟಿಕ್ಕನ್ನು ಜೊತೆಗೆ ಸೇರಿಸಲು ಹೋಗಬೇಡಿ. ಹಾಕಿದ ಮೇಲೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಮೇಲೆ ಬರೆದ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ, ಇಲ್ಲದಿದ್ದರೆ 3200ರ ರ‍್ಯಾಮು ಅದಕ್ಕಿಂತ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ. ಎಷ್ಟೋ ಮನೆಗಳಲ್ಲಿ ಹೀಗೆ ವರ್ಷಗಟ್ಟಲೆ ಓಡುತ್ತಿರುವುದನ್ನು ನೋಡಿದ್ದೇನೆ. ಸಿಪಿಯು-ಝಡ್ ತಂತ್ರಾಂಶ 1600 ಎಂದು ತೋರಿಸಿದರೆ ಅಂಗಡಿಯವರೊಂದಿಗೆ ಜಗಳಕ್ಕೆ ಹೋಗಬೇಡಿ; ಡಿಡಿಆರ್ ಒಂದು ಬಡಿತಕ್ಕೆ ಎರಡು ಸಲ ದತ್ತಾಂಶ ಸಾಗಿಸುತ್ತದೆ, ಹಾಗಾಗಿ ಅದು 3200 ಎಂದೇ ಲೆಕ್ಕ.

3200ಕ್ಕಿಂತ ಮೇಲಿನದು ಏಕೆ ಬೇಡ? 12ನೇ ಪೀಳಿಗೆಯ ‘ಕೆ’ ಇಲ್ಲದ ಚಿಪ್ಪುಗಳಲ್ಲಿ ಮೆಮೊರಿ ನಿಯಂತ್ರಕಕ್ಕೆ ಹೋಗುವ ಸಿಸ್ಟಮ್ ಏಜೆಂಟ್ ವೋಲ್ಟೇಜಿಗೂ ಬೀಗವಿದೆ. ಝಡ್790ರಲ್ಲಿ ಕೂರಿಸಿದರೂ 3600ರ ಆಸುಪಾಸಿನಲ್ಲಿ ಅದು ಏದುಸಿರು ಬಿಡುತ್ತದೆ. ಇನ್ನು ಡಿಡಿಆರ್5 ನಿಮ್ಮ ಬೋರ್ಡಿಗೆ ಕೂರುವುದೇ ಇಲ್ಲ. ಎರಡಕ್ಕೂ 288 ಪಿನ್ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಒತ್ತಿ ಕೂರಿಸಲು ನೋಡಿದರೆ ಸ್ಲಾಟು ಹೋಗುತ್ತದೆ.

ಅಂಗಡಿಯಲ್ಲಿ ಹೇಳಲಾರದ ಇನ್ನೊಂದು ವಿಷಯ. ನಿಮ್ಮ ಚಿಪ್ಪಿನ ಹೆಸರಿನ ‘ಎಫ್’ ಎಂದರೆ ಒಳಗಿನ ಗ್ರಾಫಿಕ್ಸ್ ಇಲ್ಲ, ಜೊತೆಗೆ ವಿಡಿಯೊ ಕೆಲಸವನ್ನು ಚುರುಕುಗೊಳಿಸುವ ಕ್ವಿಕ್ ಸಿಂಕ್ ಕೂಡ ಇಲ್ಲ. ಈಗಿನ ಅನೇಕ ಕ್ಯಾಮೆರಾಗಳು 10-ಬಿಟ್ 4:2:2 ಎಚ್‌ಇವಿಸಿ ಎಂಬ, ಹೆಚ್ಚು ಬಣ್ಣದ ಮಾಹಿತಿಯನ್ನು ಒತ್ತಿ ಕೂಡಿಡುವ ವಿಡಿಯೊ ರೂಪದಲ್ಲಿ ಚಿತ್ರೀಕರಿಸುತ್ತವೆ. ಅದನ್ನು ಬಿಡಿಸಿ ತೋರಿಸುವ ಕೆಲಸಕ್ಕೆ ಇಂಟೆಲ್‌ನ ಒಳಗಿನ ಗ್ರಾಫಿಕ್ಸ್ ಹೇಳಿ ಮಾಡಿಸಿದಂತಿದೆ. ಎನ್‌ವಿಡಿಯಾ ಕಾರ್ಡುಗಳಿಗೆ ಆ ಶಕ್ತಿ ಬಂದದ್ದು ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅಂದರೆ ನಿಮ್ಮ ಕ್ಯಾಮೆರಾ ಅಂಥದ್ದಾದರೆ, ‘ಎಫ್’ ಇಲ್ಲದ ಒಂದು ಸಾದಾ 12400 ಯಾವ ಓವರ್‌ಕ್ಲಾಕಿಗಿಂತಲೂ ಹೆಚ್ಚು ಉಪಕಾರ ಮಾಡುತ್ತದೆ, ಅದೂ ಇರುವ ಬೋರ್ಡಿನಲ್ಲೇ. ಇದಕ್ಕೂ ಮೊದಲು ಒಂದು ಕಾಸೂ ಖರ್ಚಿಲ್ಲದ ಉಪಾಯವಿದೆ: ಪ್ರಾಕ್ಸಿ ಫೈಲ್ (ಮೂಲ ವಿಡಿಯೊದ ಹಗುರವಾದ ಪ್ರತಿ) ಮಾಡಿಕೊಂಡು ಎಡಿಟ್ ಮಾಡುವುದು. ಇಡೀ ರಾತ್ರಿಯ ಆಟವನ್ನು ಮೂಲ ಫೈಲಿನಲ್ಲೇ ಎಳೆದಾಡುವುದು ಯಾವ ಯಂತ್ರಕ್ಕೂ ಸುಲಭವಲ್ಲ.

ಇಷ್ಟಾದರೂ ಓವರ್‌ಕ್ಲಾಕ್ ಮಾಡಿಯೇ ನೋಡಬೇಕೆಂಬ ಚಪಲ ಇದ್ದರೆ (ಇರಲಿ, ನನಗೂ ಇದೆ) ಮೊದಲು ಪ್ರೊಸೆಸರ್, ಆಮೇಲೆ ಚಿಪ್‌ಸೆಟ್, ಕೊನೆಗೆ ರ‍್ಯಾಮ್ ಎಂಬ ಕ್ರಮದಲ್ಲಿ ಆರಿಸಿ. ಕಡಿಮೆ ದುಡ್ಡಿನಲ್ಲಿ ಆಗಬೇಕಾದರೆ ಎಎಂಡಿ ಕಡೆ ನೋಡಿ. ರೈಜೆನ್ 5 7600 ಬೀಗವಿಲ್ಲದ ಚಿಪ್ಪು, ಬಿ650 ಬೋರ್ಡ್ ಸಾಕು. ಎ620 ಮಾತ್ರ ಬೇಡ, ಅದರಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ. ಈ ಎಎಂ5 ಸಾಕೆಟ್ ಡಿಡಿಆರ್5 ಅನ್ನು ಮಾತ್ರ ಒಪ್ಪುತ್ತದೆ. ಎಕ್ಸ್‌ಪೋ (ಎಕ್ಸ್‌ಎಂಪಿಯಂಥ ಎಎಂಡಿಯ ಸೆಟ್ಟಿಂಗ್) ಎಂದು ಬರೆದಿರುವ 6000 ವೇಗದ, ಸಿಎಲ್30ರ ಎರಡು ಸ್ಟಿಕ್ ಆರಿಸಿ. ನಾಲ್ಕು ಸ್ಲಾಟ್ ಇದೆಯೆಂದು ನಾಲ್ಕನ್ನೂ ತುಂಬಬೇಡಿ. ನಾಲ್ಕು ಡ್ಯುಯಲ್ ರ‍್ಯಾಂಕ್ (ಮೆಮೊರಿ ಚಿಪ್‌ಗಳ ಎರಡು ಗುಂಪುಗಳಿರುವ) ಸ್ಟಿಕ್ ಹಾಕಿದರೆ ಎಎಂಡಿ ಭರವಸೆ ಕೊಡುವ ವೇಗ 3600ಕ್ಕೆ ಇಳಿಯುತ್ತದೆ. ಎರಡು ಸ್ಟಿಕ್ಕುಗಳಾದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಕೂರಬೇಕು. ಬೋರ್ಡಿನ ಪುಸ್ತಿಕೆ ನೋಡಿ ಖಚಿತಪಡಿಸಿಕೊಳ್ಳಿ, ತಯಾರಕರ ಜಾಲತಾಣದಲ್ಲಿರುವ ಪರೀಕ್ಷಿತ ಮೆಮೊರಿಯ ಪಟ್ಟಿಯಲ್ಲಿ ನಿಮ್ಮ ಕಿಟ್ ಇದೆಯೇ ಎಂದೂ ನೋಡಿ. ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರುತ್ತದೆ. ಬೋರ್ಡು ರ‍್ಯಾಮನ್ನು ಪಳಗಿಸಿಕೊಳ್ಳುತ್ತಿರುತ್ತದೆ, ಗಾಬರಿಯಾಗಿ ಸ್ವಿಚ್ ಆಫ್ ಮಾಡಬೇಡಿ.

ಬೋರ್ಡ್ ಕೈಗೆ ತೆಗೆದುಕೊಂಡಾಗ ಬಣ್ಣದ ದೀಪಗಳನ್ನಲ್ಲ, ಸಾಕೆಟಿನ ಎಡಕ್ಕೂ ಮೇಲಕ್ಕೂ ಇರುವ ವಿಆರ್‌ಎಂ ಭಾಗವನ್ನು ನೋಡಿ. ಅದರ ಮೇಲೆ ಸ್ಕ್ರೂ ಹಾಕಿ ಬಿಗಿದ, ತೂಕವಿರುವ ಹೀಟ್‌ಸಿಂಕ್ ಇರಬೇಕು. ಪ್ರೊಸೆಸರಿಗೆ ವಿದ್ಯುತ್ತನ್ನು ಹದಮಾಡಿ ಕೊಡುವುದು ಈ ವಿಆರ್‌ಎಂ. ಅಲ್ಲಿ ಬಿಸಿಯೇರಿದರೆ ಪ್ರೊಸೆಸರಿನ ವೇಗ ತಾನಾಗಿ ಕುಸಿಯುತ್ತದೆ.

ಮುಂಬಯಿಯ ಸೆಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಬಳಕೆಯಾಗುವ ವಿದ್ಯುತ್ತು ವೇಗಕ್ಕೆ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. ಶೇ 5ರಷ್ಟು ಹೆಚ್ಚು ವೇಗಕ್ಕಾಗಿ ಶೇ 10ರಷ್ಟು ಹೆಚ್ಚು ವೋಲ್ಟೇಜ್ ಕೊಟ್ಟಿರೆಂದರೆ ವಿದ್ಯುತ್ತು ಸುಮಾರು ಶೇ 27ರಷ್ಟು ಹೆಚ್ಚುತ್ತದೆ, ಅಷ್ಟೂ ಶಾಖವಾಗಿ ಕೋಣೆಗೆ ಬರುತ್ತದೆ. 22 ಡಿಗ್ರಿಯ ಕೋಣೆಯಲ್ಲಿ ಯಾರೋ ಮಾಡಿ ತೋರಿಸಿದ ಸಾಧನೆಗೆ, ಎ.ಸಿ. ಇಲ್ಲದ 34 ಡಿಗ್ರಿಯ ಮೇ ತಿಂಗಳ ಡೊಂಬಿವಲಿಯಲ್ಲಿ ಹನ್ನೆರಡು ಡಿಗ್ರಿ ಸೇರಿಸಿಯೇ ಲೆಕ್ಕ ಹಾಕಬೇಕು. ರೈಜೆನ್ 7000 ಸರಣಿಯ ಈ ಚಿಪ್ಪಿನ ಮಿತಿ 95 ಡಿಗ್ರಿ. ಆದ್ದರಿಂದ ನಾನು ಮಾಡುವುದು ಉಲ್ಟಾ: ಬಯೋಸ್‌ನ ಕರ್ವ್ ಆಪ್ಟಿಮೈಸರ್ ಎಂಬ ಸೆಟ್ಟಿಂಗ್‌ನಲ್ಲಿ ಮೈನಸ್ 10ರಿಂದ ಶುರುಮಾಡಿ ವೋಲ್ಟೇಜನ್ನು ಇಳಿಸುತ್ತೇನೆ. ಚಿಪ್ಪು ತಂಪಾಗಿರುತ್ತದೆ, ಅದರಿಂದಲೇ ಹೆಚ್ಚು ಹೊತ್ತು ಮೇಲಿನ ವೇಗದಲ್ಲಿ ನಿಲ್ಲುತ್ತದೆ. ಎಸ್‌ಒಸಿ ವೋಲ್ಟೇಜನ್ನು (ಪ್ರೊಸೆಸರಿನೊಳಗಿನ ಮೆಮೊರಿ ನಿಯಂತ್ರಕ ಮುಂತಾದ ಭಾಗಗಳಿಗೆ ಹೋಗುವುದು) 1.3 ವೋಲ್ಟ್‌ಗಿಂತ ಮೇಲೆ ಒಯ್ಯುವ ಯೋಚನೆಯೇ ಬೇಡ. 2023ರಲ್ಲಿ ಕೆಲವು ರೈಜೆನ್ 7000 ಚಿಪ್ಪುಗಳು ಸುಟ್ಟ ಬಳಿಕ ಎಎಂಡಿಯೇ ಆ ಮಿತಿ ಹಾಕಿತು. ಅದಕ್ಕಾಗಿ ಬಯೋಸ್ ಹೊಸದಾಗಿರಲಿ.

ಯಾವುದನ್ನು ಬದಲಿಸಿದರೂ ಒಂದೊಂದಾಗಿ ಬದಲಿಸಿ. ರ‍್ಯಾಮಿಗೆ ಮೆಮ್‌ಟೆಸ್ಟ್86 ಹಾಕಿ ರಾತ್ರಿಯಿಡೀ ಬಿಡಿ, ಪ್ರೊಸೆಸರಿಗೆ ಒಸಿಸಿಟಿ ಓಡಿಸಿ; ಎರಡೂ ಪರೀಕ್ಷಿಸುವ ತಂತ್ರಾಂಶಗಳು. ಮೆಮ್‌ಟೆಸ್ಟ್‌ನಲ್ಲಿ ಒಂದೇ ಒಂದು ದೋಷ ಬಂದರೂ ಆ ವೇಗವನ್ನು ಕೈಬಿಡಿ. ಕಂಪ್ಯೂಟರ್ ನಿಂತುಹೋದರೆ ತಿಳಿಯುತ್ತದೆ, ಅಸ್ಥಿರ ರ‍್ಯಾಮು ಸದ್ದಿಲ್ಲದೆ ಫೈಲನ್ನು ಕೆಡಿಸಿದರೆ ತಿಳಿಯುವುದಿಲ್ಲ. ಭಾಗವತರ ಪದ ಮತ್ತೊಮ್ಮೆ ರೆಕಾರ್ಡ್ ಆಗುವುದಿಲ್ಲ. ಬೂಟ್ ಆಗದೆ ಹೋದರೆ ಸಿಮಾಸ್ ಕ್ಲಿಯರ್ ಮಾಡಿ (ಬಯೋಸ್ ಸೆಟ್ಟಿಂಗ್‌ಗಳನ್ನು ಅಳಿಸಿ), ಎಲ್ಲವೂ ಮೊದಲಿನಂತಾಗುತ್ತದೆ.

ಖರೀದಿಗೆ ಲ್ಯಾಮಿಂಗ್ಟನ್ ರಸ್ತೆಗೆ ಹತ್ತಿರದ ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿದಾಗ ಜಿಎಸ್‌ಟಿ ಇರುವ ಪಕ್ಕಾ ಬಿಲ್ಲನ್ನೇ ಕೇಳಿ, ಅದರಲ್ಲಿ ಸೀರಿಯಲ್ ಸಂಖ್ಯೆ ಬರೆಸಿ. ಕಚ್ಚಾ ಬಿಲ್ಲಿನಲ್ಲಿ ಉಳಿಯುವ ದುಡ್ಡು ವಾರಂಟಿಯ ದಿನ ಕೈಕೊಡುತ್ತದೆ. ಓವರ್‌ಕ್ಲಾಕ್‌ನಿಂದ ಆದ ಹಾನಿಗೆ ಇಂಟೆಲ್ ಆಗಲಿ ಎಎಂಡಿ ಆಗಲಿ ಸಾಮಾನ್ಯ ವಾರಂಟಿಯಲ್ಲಿ ಹೊಣೆ ಹೊರುವುದಿಲ್ಲ ಎಂಬುದೂ ನೆನಪಿರಲಿ.

ಸದ್ಯಕ್ಕೆ ಪ್ರಾಕ್ಸಿ ಮಾಡಿ ನೋಡಿ, ರ‍್ಯಾಮ್ ಹಾಕಿಸಿ. ಆಮೇಲೂ ತೆವಳಿದರೆ ಕ್ಯಾಮೆರಾದ ಮಾದರಿ, ಎಡಿಟಿಂಗ್ ತಂತ್ರಾಂಶ ಮತ್ತು ಗ್ರಾಫಿಕ್ಸ್ ಕಾರ್ಡಿನ ಹೆಸರು ಬರೆಯಿರಿ. ‘ಎಫ್’ ಇಲ್ಲದ ಚಿಪ್ಪು ಬೇಕೇ, ಕಾರ್ಡು ಬದಲಿಸಬೇಕೇ ಎಂದು ಆಗ ಹೇಳುತ್ತೇನೆ.