ಹಳೇ ಮನೆಯೋ, ಹೊಸ ಸೈಟೋ: ನಕ್ಷೆ ಬಲ್ಲವರ ಮೊದಲ ಆಸ್ತಿ

ಪ್ರಶ್ನೆ: ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ಮುಗಿಸಿ ದಾವಣಗೆರೆಯಲ್ಲಿ ಮನೆ ನಕ್ಷೆ ಮಾಡಿಕೊಡುತ್ತಿದ್ದೇನೆ. 15 ಲಕ್ಷ ರೂಪಾಯಿ ಉಳಿತಾಯ ಇದೆ. ಊರಾಚೆ ಲೇಔಟಿನಲ್ಲಿ ಸೈಟು ಹಿಡಿ ಎನ್ನುತ್ತಾರೆ ಅಪ್ಪ. ನನಗೆ ಹಳೇ ಊರಿನಲ್ಲಿ ಸಣ್ಣ ಮನೆ ಕೊಂಡು, ರಿಪೇರಿ ಮಾಡಿಸಿ, ಬಾಡಿಗೆಗೆ ಕೊಡುವ ಆಸೆ. ನನ್ನ ಕಸುಬು ಇದರಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ಹಳೇ ಮನೆಯೇ ಸರಿ. ಖಾಲಿ ಸೈಟಿನ ಬೆಲೆ ಏರುವುದು ರಸ್ತೆಯಿಂದ, ಚರಂಡಿಯಿಂದ, ಅಕ್ಕಪಕ್ಕ ಏಳುವ ಮನೆಗಳಿಂದ. ಅಲ್ಲಿ ನಿಮ್ಮ ವಿದ್ಯೆಗೆ ಕೆಲಸವಿಲ್ಲ. ಹಳೇ ಮನೆಯಲ್ಲಿ ಹಾಗಲ್ಲ. ಬೇರೆಯವರು ‘ಬಿರುಕು ಬಿಟ್ಟಿದೆ, ಒಳಗೆ ಕತ್ತಲು’ ಎಂದು ವಾಪಸ್ ಹೋಗುವ ಮನೆಯಲ್ಲಿ ಯಾವ ದೋಷ 20 ಸಾವಿರಕ್ಕೆ ಸರಿಹೋಗುತ್ತದೆ, ಯಾವುದು 5 ಲಕ್ಷ ನುಂಗುತ್ತದೆ ಎಂದು ಕೊಳ್ಳುವ ಮೊದಲೇ ಹೇಳಬಲ್ಲವರು ನೀವು. ನಿಮ್ಮ ನಿಜವಾದ ಬಂಡವಾಳ ಅದು, ಚೆಂದದ ಎಲಿವೇಷನ್ (ಮುಂಭಾಗದ ನೋಟ) ಅಲ್ಲ.

ಮೊದಲು ದುಡ್ಡಿನ ಲೆಕ್ಕ. ಇದು ಮಾರುಕಟ್ಟೆ ದರವಲ್ಲ, ಮಾದರಿ ಅಷ್ಟೇ. 20×30ರ ಮನೆ 24 ಲಕ್ಷಕ್ಕೆ ಸಿಕ್ಕಿತು ಎನ್ನಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್, ಸರ್‌ಚಾರ್ಜು, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಎಲ್ಲ ಸೇರಿ ಸುಮಾರು ಶೇ 7.6, ಅಂದರೆ 1.82 ಲಕ್ಷ. ಸರ್ಕಾರಿ ಮಾರ್ಗಸೂಚಿ ದರ ನಿಮ್ಮ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕ ಅದರ ಮೇಲೆ ಬೀಳುತ್ತದೆ. ರಿಪೇರಿಗೆ 5 ಲಕ್ಷ, ಗೋಡೆ ಕೆದಕಿದ ಮೇಲೆ ಹೊರಬೀಳುವ ಖರ್ಚಿಗೆ ಅದರ ಶೇ 15, ಎಂದರೆ 75 ಸಾವಿರ. ಒಟ್ಟು 31.57 ಲಕ್ಷ. ಬ್ಯಾಂಕು ಸಾಲ ಕೊಡುವಾಗ ನಿಮ್ಮ ಖರೀದಿ ಬೆಲೆಯನ್ನಷ್ಟೇ ನಂಬುವುದಿಲ್ಲ, ಅದರ ಮೌಲ್ಯಮಾಪಕರು ಕಟ್ಟಡದ ವಯಸ್ಸು ಕಳೆದು ಬರೆದ ಬೆಲೆಯನ್ನು ನೋಡುತ್ತದೆ. ಹಾಗಾಗಿ 18 ಲಕ್ಷಕ್ಕಿಂತ ಹೆಚ್ಚು ಬರುತ್ತದೆಂದು ಲೆಕ್ಕ ಹಾಕಬೇಡಿ. ಕೈಯಿಂದ 13.57 ಲಕ್ಷ. ಶೇ 9ರ ಬಡ್ಡಿಗೆ 20 ವರ್ಷದ ಕಂತು ತಿಂಗಳಿಗೆ ಸುಮಾರು 16,200. ಆರು ತಿಂಗಳ ಕಂತು ಎತ್ತಿಟ್ಟರೆ ನಿಮ್ಮ 15 ಲಕ್ಷ ಹೆಚ್ಚುಕಡಿಮೆ ಮುಗಿಯಿತು. 40 ಲಕ್ಷದ 30×40 ಮನೆಯ ಆಸೆ ಈಗ ಬೇಡ.

ಬಾಡಿಗೆ 9 ಸಾವಿರ ಬಂದರೆ ತಿಂಗಳಿಗೆ 7,200 ನಿಮ್ಮ ಫೀಸಿನಿಂದ ಹೋಗಬೇಕು. ಮಳೆಗಾಲದಲ್ಲಿ ಕೆಲಸ ಕಮ್ಮಿಯಾದಾಗಲೂ ಅದನ್ನು ತಡೆದುಕೊಳ್ಳುತ್ತೀರಾ ಎಂದು ಈಗಲೇ ನೋಡಿಕೊಳ್ಳಿ. ಬೆಲೆ ಹೇಳುವಾಗ ಹಿಂದಿನಿಂದ ಮುಂದಕ್ಕೆ ಬನ್ನಿ. ಅದೇ ಬೀದಿಯಲ್ಲಿ ಸುಸ್ಥಿತಿಯ ಅಷ್ಟೇ ಅಳತೆಯ ಮನೆ 35 ಲಕ್ಷಕ್ಕೆ ಹೋಗಿದ್ದರೆ, ಅದರಲ್ಲಿ ಮೇಲಿನ ಶುಲ್ಕ, ರಿಪೇರಿ ಎಲ್ಲ ಸೇರಿದ 7.57 ಲಕ್ಷ, ಆರು ತಿಂಗಳ ಬಡ್ಡಿ ಸುಮಾರು 80 ಸಾವಿರ ಕಳೆಯಿರಿ. ಉಳಿಯುವುದು 26.6 ಲಕ್ಷ. 24ಕ್ಕೆ ಹಿಡಿದರೆ 2.6 ಲಕ್ಷ ಉಳಿತಾಯ, 27ಕ್ಕೆ ಹಿಡಿದರೆ ನಷ್ಟ.

ಇನ್ನು ನೆಲ. ದಾವಣಗೆರೆಯ ಸುತ್ತ ಎರೆಮಣ್ಣು ಬಹಳ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಪಾಯವನ್ನು ಜೊತೆಗೇ ಎತ್ತಿ ಇಳಿಸುತ್ತದೆ. ಮನೆಯನ್ನು ಏಪ್ರಿಲ್-ಮೇನಲ್ಲಿ ನೋಡಿ. ಮಳೆ ಬಿದ್ದ ಮೇಲೆ ಬಿರುಕು ಮುಚ್ಚಿಕೊಂಡು ಸುಣ್ಣದ ಹಿಂದೆ ಅಡಗಿರುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಕೂದಲೆಳೆ, ಉಜ್ಜುವ ಬಾಗಿಲು, ಗೋಡೆಗೂ ನೆಲಕ್ಕೂ ನಡುವೆ ಬೆರಳಿನಷ್ಟು ಸಂದು. ಇವನ್ನು ಹುಡುಕಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಕಾಗದಪತ್ರ ನೋಡಲು ಹಿಡಿಯುವ ಒಂದೆರಡು ತಿಂಗಳಲ್ಲಿ ಬಿರುಕು ಗೆರೆ ದಾಟಿತೋ ಇಲ್ಲವೋ ತಿಳಿಯುತ್ತದೆ.

ಬಿರುಕೆಲ್ಲ ಬಚ್ಚಲಿನ ಮೂಲೆಯಲ್ಲೇ ಇದ್ದರೆ ಸಂತೋಷಪಡಿ. ಸೋರುವ ಪೈಪೋ, ಗೋಡೆಗೆ ತಾಗಿದ ಶೌಚದ ಗುಂಡಿಯೋ ಒಂದೇ ಕಡೆ ಮಣ್ಣನ್ನು ನೆನೆಸುತ್ತಿರುತ್ತದೆ. ಪೈಪ್ ಬದಲಿಸಿ, ಗೋಡೆಯ ಹೊರಗೆ 1 ಮೀಟರ್ ಅಗಲ ಕಾಂಕ್ರೀಟ್ ಹಾಸನ್ನು ಹೊರಕ್ಕೆ ಇಳಿಜಾರಾಗಿ ಹಾಕಿಸಿದರೆ ಮನೆ ನೆಮ್ಮದಿಯಾಗುತ್ತದೆ. ನಾಲ್ಕೂ ಗೋಡೆ ಸೀಳಿ, ಪಾಯದ ಮೇಲೆ ಗೋಡೆಗಳನ್ನು ಬಿಗಿದಿಡುವ ಪ್ಲಿಂತ್ ಬೀಮೂ ಇಲ್ಲದಿದ್ದರೆ ಅದು ಮನೆಯಲ್ಲ, ಕೆಡವುವ ಖರ್ಚಿರುವ ಸೈಟು. ಆ ಬೆಲೆಗೆ ಮಾತ್ರ ಕೇಳಿ. ಅಲ್ಲಿ ಹೊಸದಾಗಿ ಕಟ್ಟುವುದಾದರೆ ಗರಸಿನ ತನಕ ಇಳಿಯಬೇಕು. ಎರೆ ಆಳವಾಗಿದ್ದರೆ ಕನಿಷ್ಠ 3.5 ಮೀಟರ್ ಆಳದ, ತಳದಲ್ಲಿ ಕಾಂಡದ ಎರಡೂವರೆಯಷ್ಟು ಅಗಲದ ಗಡ್ಡೆಯಿರುವ ಅಂಡರ್-ರೀಮ್ಡ್ ಪೈಲ್ (ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ) ಬೇಕಾಗುತ್ತದೆ.

ಜಂತಿ-ತೊಲೆಯ ಹಳೇ ಮಾಳಿಗೆಯಾದರೆ ಜಂತಿಯ ನಡುಭಾಗವನ್ನಷ್ಟೇ ನೋಡಿ ಮೋಸಹೋಗಬೇಡಿ. ಜಂತಿ ಗೋಡೆಯೊಳಗೆ ಹೋಗುವ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ. ಗೆದ್ದಲು ತಿನ್ನುವುದು, ತೇವಕ್ಕೆ ಕೊಳೆಯುವುದು ಅಲ್ಲಿಯೇ. ಆರ್‌ಸಿಸಿ ಆದರೆ ಅಡಿಯಿಂದ ಸುತ್ತಿಗೆಯಲ್ಲಿ ತಟ್ಟುತ್ತ ಹೋಗಿ, ಟೊಳ್ಳು ಸದ್ದು ಬಂದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಗುರುತು ಒಂದೆರಡು ಕಡೆ ಇದ್ದರೆ ತೇಪೆ ಸಾಕು. ಅರ್ಧ ಛಾವಣಿ ತುಂಬಿದರೆ ಒಳಗಿನ ಕಂಬಿ ತುಕ್ಕು ಹಿಡಿದಿದೆ.

ಹಳೇ ಬೀದಿಯ ಮನೆಗಳಿಗೆ ಎರಡೂ ಪಕ್ಕ ಪಕ್ಕದವರ ಗೋಡೆ, ಆದ್ದರಿಂದ ನಡುಮನೆ ಕತ್ತಲು. ಜನ ಹಿಂಜರಿಯುವ ಈ ದೋಷ ಸುಲಭವಾಗಿ ನೀಗುವಂಥದ್ದು. ಒಣ ಬಿಸಿ ಹವೆಯಲ್ಲಿ ನೆಲದ ಹತ್ತರಲ್ಲೊಂದು ಭಾಗ ಕಿಟಕಿ ಇರಬೇಕೆನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. 10×10ರ ನಡುಮನೆಗೆ 10 ಚದರಡಿ. 3×4ರ ಬೆಳಕಿಂಡಿ, ಪಕ್ಕದಲ್ಲಿ ಗಾಳಿ ಹೋಗುವ ಜಾಲರಿ ಇಟ್ಟರೆ ಮನೆಯ ಮುಖವೇ ಬದಲಾಗುತ್ತದೆ. ತೊಲೆ ಕತ್ತರಿಸದೆ, ಎರಡು ಜಂತಿಗಳ ನಡುವೆ ಕೂರಿಸಿ. ಬಾಡಿಗೆ ಏರಿಸುವುದು ಬಚ್ಚಲು, ಅಡುಗೆಮನೆ, ನೀರು, ಬೆಳಕು. ಫಾಲ್ಸ್ ಸೀಲಿಂಗಿಗೆ ಒಂದು ರೂಪಾಯಿಯೂ ಹಾಕಬೇಡಿ.

ಕಾಗದ ವಕೀಲರಿಗೆ ಕೊಡಿ, ಅಳತೆ ಮಾತ್ರ ನೀವೇ ಹಿಡಿಯಿರಿ. ಪತ್ರದ ಚಕ್ಕುಬಂದಿಯಲ್ಲಿ 20 ಅಡಿ ಇದ್ದು ಟೇಪಿಗೆ ಹದಿನೆಂಟೂವರೆ ಬಂದರೆ 45 ಚದರಡಿ ಮಾಯ. ನಡುಗೋಡೆ ಯಾರದ್ದೆಂದು ಪತ್ರದಲ್ಲಿ ಬರೆದಿದೆಯೇ ನೋಡಿ, ಇಲ್ಲದಿದ್ದರೆ ಅದಕ್ಕೆ ಕೈ ಹಚ್ಚಬೇಡಿ. ಋಣಭಾರ ಪತ್ರ 30 ವರ್ಷದ್ದು ತೆಗೆಸಿ, ಇ-ಆಸ್ತಿ ಖಾತೆ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಮಾರುವವರ ಹೆಸರಲ್ಲೇ ಇರಲಿ. ಹಳೇ ಊರಿನ ಮನೆಗಳಲ್ಲಿ ಹೆಚ್ಚಾಗಿ ಎಡವುವುದು ಪಾಲಿನಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಸಮಪಾಲಿದೆ, 2020ರ ಸುಪ್ರೀಂ ಕೋರ್ಟ್ ತೀರ್ಪು ಅದನ್ನು ಇನ್ನಷ್ಟು ಗಟ್ಟಿ ಮಾಡಿದೆ. ವಂಶವೃಕ್ಷದಲ್ಲಿರುವ ಎಲ್ಲರೂ ಸಹಿ ಹಾಕದೆ ಮುಂಗಡ ಕೊಡಬೇಡಿ. ಕೊಡುವ ಮುಂಗಡವೂ ಬ್ಯಾಂಕಿನ ಮೂಲಕವೇ ಹೋಗಲಿ. ರಿಪೇರಿಯ ಬಿಲ್ಲುಗಳನ್ನು ಜೋಪಾನ ಮಾಡಿ. ಮುಂದೆ ಮಾರಿದಾಗ ಮನೆಯ ಸುಧಾರಣೆಗೆ ಆದ ಖರ್ಚು ಲಾಭದಿಂದ ಕಳೆಯುತ್ತದೆ. 24 ತಿಂಗಳು ದಾಟಿ ಮಾರಿದರೆ ಲಾಭದ ಮೇಲಿನ ತೆರಿಗೆ ಶೇ 12.5.

ಪ್ರಶ್ನೆ: ಚಿತ್ರದುರ್ಗದ ಬೆಟ್ಟದ ಬದಿಯಲ್ಲಿ ಗಿರಾಕಿಯೊಬ್ಬರ 40×60 ಸೈಟಿದೆ. ‘ನಾಲ್ಕು ಮನೆ ಕಟ್ಟಿ ಮಾರೋಣ, ಫೀಸಿನ ಬದಲು ಪಾಲು ತಗೊಳ್ಳಿ’ ಎನ್ನುತ್ತಾರೆ. ಒಪ್ಪಬಹುದೇ?

ಉತ್ತರ: ಕೈಯಲ್ಲಿ ದುಡ್ಡಿಲ್ಲದವರಿಗೆ ಒಳ್ಳೆಯ ದಾರಿ. ಆದರೆ ‘ಪಾಲು’ ಎಂದಷ್ಟೇ ಬರೆದ ಒಪ್ಪಂದಕ್ಕೆ ಸಹಿ ಹಾಕಬೇಡಿ. ನಿಮ್ಮ ಫೀಸು ಎಷ್ಟು ರೂಪಾಯಿ, ಅವರ ಸೈಟಿನ ಬೆಲೆ ಎಷ್ಟು, ಯಾವ ಯಾವ ಖರ್ಚು ಕಳೆದ ಮೇಲೆ ಲಾಭ ಹಂಚಬೇಕು, ಒಂದು ಮನೆ ವರ್ಷದವರೆಗೆ ಮಾರಾಟವಾಗದಿದ್ದರೆ ಅದರ ಬಡ್ಡಿ ಯಾರದ್ದು, ಇಷ್ಟೂ ಅಂಕಿಯಲ್ಲಿ ಇರಲಿ. ಪಾಲುದಾರರಾದ ಮೇಲೆ ಗುತ್ತಿಗೆದಾರರ ಬಿಲ್ಲನ್ನು ನೀವು ಪ್ರಮಾಣೀಕರಿಸಬಾರದು, ಬೇರೆ ಎಂಜಿನಿಯರ್ ಇಡಿ. ಕೊಳ್ಳುವವರಿಗೂ ನಿಮ್ಮ ಪಾಲಿನ ವಿಷಯ ತಿಳಿಸಿ. ವಾಸ್ತುಶಿಲ್ಪಿಗಳ ವೃತ್ತಿ ನಿಯಮ ಬಯಸುವುದೂ ಈ ಪಾರದರ್ಶಕತೆಯನ್ನೇ. ಸೈಟು 223 ಚದರ ಮೀಟರ್, ಮನೆ ನಾಲ್ಕೇ ಆದ್ದರಿಂದ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಕಡ್ಡಾಯವಲ್ಲ. 500 ಚದರ ಮೀಟರಿನೊಳಗಿನ ಜಾಗಕ್ಕೆ ವಿನಾಯಿತಿ ಇದೆ. ಮಂಜೂರಾದ ನಕ್ಷೆಯಿಂದ ಅರ್ಧ ಅಡಿಯೂ ಆಚೀಚೆ ಹೋಗಬೇಡಿ. ಕಟ್ಟಡ ವಾಸಕ್ಕೆ ಯೋಗ್ಯವೆಂದು ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಬ್ಯಾಂಕ್ ಸಾಲ ಕೊಡುವ ಬಗ್ಗೆ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಬಿಗಿ ನಿರ್ದೇಶನ ಕೊಟ್ಟಿದೆ. ಮೀಟರ್ ಬಾರದ ಮನೆಯನ್ನು ಯಾರೂ ಕೊಳ್ಳುವುದಿಲ್ಲ.

ಅಲ್ಲಿಯ ನೆಲದ ಸಮಸ್ಯೆ ದಾವಣಗೆರೆಗೆ ತದ್ವಿರುದ್ಧ. ಬಂಡೆ ಮೇಲೆಯೇ ಸಿಗುವುದರಿಂದ ಪಾಯ ಅಗ್ಗ, ಸಂಪು ದುಬಾರಿ. ನಾಲ್ಕು ಮನೆಗೆ ತಲಾ ಐದು ಜನ, ಒಬ್ಬರಿಗೆ ದಿನಕ್ಕೆ 135 ಲೀಟರಿನಂತೆ 2,700 ಲೀಟರ್. ಮೂರು ದಿನದ ಸಂಗ್ರಹಕ್ಕೆ 8,100. ಅದಕ್ಕೆ ಆರೂವರೆ ಅಡಿ ಚೌಕದಲ್ಲಿ ಎಂಟು ಅಡಿ ಆಳ ಬೇಕು. ಮನೆಗಳ ನಡುವೆ ಸಿಡಿಮದ್ದು ಹಚ್ಚುವಂತಿಲ್ಲ, ಬಂಡೆ ಒಡೆಯುವ ಬ್ರೇಕರ್ ಯಂತ್ರ ಗಂಟೆಯ ಲೆಕ್ಕದಲ್ಲಿ ದುಡ್ಡು ತಿನ್ನುತ್ತದೆ. ನಕ್ಷೆ ಬರೆಯುವ ಮುನ್ನ ಎರಡು ಮೂಲೆಯಲ್ಲಿ ಗುಂಡಿ ತೆಗೆಸಿ ಬಂಡೆಯ ಮಟ್ಟ ನೋಡಿ. ಮಣ್ಣು ಆಳವಾಗಿರುವ ಮೂಲೆಗೆ ಸಂಪು, ಉಳಿದ ಕಡೆ ಮನೆ. ಎಲ್ಲೂ ಆಳವಿಲ್ಲದಿದ್ದರೆ ಸಂಪನ್ನು ಅರ್ಧ ನೆಲದ ಮೇಲೆ, ಮೆಟ್ಟಿಲಿನ ಅಡಿಗೆ ತನ್ನಿ.

ಪ್ರಶ್ನೆ: ತುಮಕೂರು–ದಾವಣಗೆರೆ ರೈಲು ಮಾರ್ಗದ ಹತ್ತಿರ, ಹಿರಿಯೂರು ಕಡೆ, ಒಂದು ಎಕರೆ ಜಮೀನು ಅಗ್ಗಕ್ಕೆ ಬಂದಿದೆ. ಸೈಟು ಮಾಡಿ ಮಾರಲು ಕೊಳ್ಳಬಹುದೇ?

ಉತ್ತರ: ಮೊದಲ ಹೂಡಿಕೆಗೆ ಬೇಡ. ಭೂಪರಿವರ್ತನೆ, ವಿನ್ಯಾಸ ಅನುಮೋದನೆ, ರಸ್ತೆ, ಚರಂಡಿ ಎಲ್ಲ ಮುಗಿಯುವವರೆಗೆ ದುಡ್ಡು ಅಲ್ಲೇ ಸಿಕ್ಕಿಬೀಳುತ್ತದೆ. ರಸ್ತೆ, ಉದ್ಯಾನಕ್ಕೆ ಬಿಟ್ಟ ಮೇಲೆ ಮಾರಲು ಎಕರೆಯ ಪೂರಾ 40 ಗುಂಟೆ ಉಳಿಯುವುದಿಲ್ಲ. ಆದರೂ ಮನಸ್ಸಿದ್ದರೆ ಪಹಣಿಯ ಮೂಲ ಹುಡುಕಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದ ಜಮೀನನ್ನು ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಆ ಮಾರಾಟ ಅಸಿಂಧು. 2023ರ ತಿದ್ದುಪಡಿಯ ನಂತರ ಅದನ್ನು ಪ್ರಶ್ನಿಸಲು ಕಾಲಮಿತಿಯೂ ಇಲ್ಲ. ಜೊತೆಗೆ ಆ ಸರ್ವೆ ನಂಬರು ರೈಲ್ವೆ ಭೂಸ್ವಾಧೀನದ ಅಧಿಸೂಚನೆಯಲ್ಲಿ ಇದೆಯೇ ಎಂದು ವಿಶೇಷ ಭೂಸ್ವಾಧೀನಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ಹದ್ದುಬಸ್ತು ಮಾಡಿಸಿದ ಮೇಲೆಯೇ ಬೆಲೆಯ ಮಾತು ಆಡಿ.